ಪುಸ್ತಕ ಮುಚ್ಚಿದ ಮೇಲೆ ಶುರುವಾಗುವ ಓದು

ಹೋದ ವರ್ಷ ಪ್ರಿಪರೇಟರಿ ಪರೀಕ್ಷೆಯ ವಿಜ್ಞಾನ ಪತ್ರಿಕೆ ಕೊಟ್ಟ ದಿನ, ಹತ್ತನೇ ತರಗತಿಯ ಹುಡುಗಿಯೊಬ್ಬಳು ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. ಕಣ್ಣಲ್ಲಿ ನೀರಿತ್ತು. "ಮಿಸ್, ಈ ಪಾಠ ಐದು ಸಲ ಓದಿದ್ದೆ. ಆದ್ರೂ ಬರೆಯೋಕೆ ಆಗ್ಲಿಲ್ಲ" ಅಂದಳು.

ಅವಳು ಸುಳ್ಳು ಹೇಳುವವಳಲ್ಲ. ಪುಸ್ತಕ ತೆರೆದು ನೋಡಿದೆ. 'ಜೀವಕ್ರಿಯೆಗಳು' ಪಾಠದ ಪುಟಗಳೆಲ್ಲ ಹಳದಿ, ಗುಲಾಬಿ ಬಣ್ಣದ ಗೆರೆಗಳಿಂದ ತುಂಬಿದ್ದವು. ನಾನು ಪುಸ್ತಕ ಮುಚ್ಚಿ ಒಂದು ಬಿಳಿ ಹಾಳೆ ಕೊಟ್ಟೆ. "ಹೃದಯದ ಚಿತ್ರ ಬರಿ ಪುಟ್ಟಾ" ಅಂದೆ. ತುಂಬಾ ಚೆನ್ನಾಗಿ ಬರೆದಳು. ಭಾಗಗಳನ್ನೂ ಗುರುತಿಸಿದಳು. ಬಲ ಹೃತ್ಕರ್ಣದ ಮೇಲೆ ಬೆರಳಿಟ್ಟು, "ಇಲ್ಲಿಗೆ ರಕ್ತ ಎಲ್ಲಿಂದ ಬಂತು?" ಅಂತ ಕೇಳಿದೆ. "ದೇಹದಿಂದ ಮಿಸ್." "ಸರಿ, ಇಲ್ಲಿಂದ ಎಲ್ಲಿಗೆ ಹೋಗುತ್ತೆ?" ಮಾತಿಲ್ಲ. ಅವಳ ಕಣ್ಣು ಮುಚ್ಚಿದ ಪುಸ್ತಕದ ಕಡೆ ಹೋಯಿತು.

ಅವಳು ಐದು ಸಲ ಓದಿದ್ದು ನಿಜ. ಆದರೆ ಒಂದು ಸಲವೂ ಪುಸ್ತಕ ಮುಚ್ಚಿ ತನಗೆ ತಾನೇ ಹೇಳಿಕೊಂಡಿರಲಿಲ್ಲ.

ಸಂತೆಯಲ್ಲಿ ಯಾರೋ ಎದುರು ಬರುತ್ತಾರೆ. ಮುಖ ಗುರುತು ಸಿಗುತ್ತದೆ, ಹೆಸರು ಮಾತ್ರ ಎಷ್ಟು ತಡಕಾಡಿದರೂ ಬಾಯಿಗೆ ಬರುವುದಿಲ್ಲ. ಓದಿದ್ದನ್ನೇ ಮತ್ತೆ ಮತ್ತೆ ಓದಿದಾಗ ಆಗುವುದೂ ಇದೇ. ಐದನೇ ಸಲ ಓದುವಾಗ ಪ್ರತಿ ಸಾಲಿನ ಮುಖವೂ ಪರಿಚಯವಾಗಿರುತ್ತದೆ. 'ಇದು ನಂಗೆ ಗೊತ್ತು' ಅನಿಸುತ್ತದೆ. ಆದರೆ ಪರೀಕ್ಷೆಯಲ್ಲಿ ಸಾಲು ಎದುರಿಗೆ ಇರುವುದಿಲ್ಲ. ಅದನ್ನು ನಾವೇ ಒಳಗಿನಿಂದ ಎತ್ತಿ ತರಬೇಕು. ಹಾಗೆ ಎತ್ತಿ ತರುವ ಅಭ್ಯಾಸ ಮಾಡದೇ ಇದ್ದರೆ ಆ ಹೊತ್ತಿಗೆ ಕೈ ಕಟ್ಟಿದ ಹಾಗಾಗುತ್ತದೆ, ಅಲ್ವಾ?

ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಇದನ್ನೇ ಪರೀಕ್ಷಿಸಿ ನೋಡಿದರು. ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ ಒಂದು ಬರಹವನ್ನು ನಾಲ್ಕು ಅವಧಿ ಓದಿಸಿದರು. ಇನ್ನೊಂದು ಗುಂಪಿಗೆ ಒಂದೇ ಅವಧಿ ಓದಿಸಿ, ಉಳಿದ ಮೂರು ಅವಧಿಯಲ್ಲಿ ನೋಡದೆ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷ ಬಿಟ್ಟು ಕೇಳಿದಾಗ ಓದಿದವರೇ ಮುಂದಿದ್ದರು. ಒಂದು ವಾರ ಬಿಟ್ಟು ಕೇಳಿದರೆ, ಬರೀ ಓದಿದವರಿಗೆ ಸುಮಾರು ಶೇ. 40ರಷ್ಟು ನೆನಪಿತ್ತು. ನೋಡದೆ ಬರೆದವರಿಗೆ ಸುಮಾರು ಶೇ. 61ರಷ್ಟು. ನನಗೆ ಇದರಲ್ಲಿ ಜಾಸ್ತಿ ಮುಖ್ಯ ಅನಿಸಿದ್ದು ಇನ್ನೊಂದು ವಿಷಯ. ಒಂದು ವಾರದ ನಂತರವೂ ಚೆನ್ನಾಗಿ ನೆನಪಿರುತ್ತದೆ ಎಂಬ ಧೈರ್ಯ ಹೆಚ್ಚಿದ್ದದ್ದು ನಾಲ್ಕು ಸಲ ಓದಿದವರಿಗೇ. ಓದುವಾಗ ಸಿಗುವ ಸಮಾಧಾನವನ್ನು ನಂಬಬೇಡಿ ಅಂತ ನಾನು ಮಕ್ಕಳಿಗೆ ಪದೇಪದೇ ಹೇಳುವುದು ಇದಕ್ಕೇ.

ನಾನೂ ಮೊದಮೊದಲು ಅಂಕ ಕಡಿಮೆ ಬಂದ ಮಕ್ಕಳಿಗೆ "ಇನ್ನೊಂದು ಸಲ ಓದು" ಅಂತಲೇ ಹೇಳುತ್ತಿದ್ದೆ. ಈಗ "ಮುಚ್ಚಿ ಹೇಳು" ಅನ್ನುತ್ತೇನೆ.

ಮಾಡುವುದು ಹೀಗೆ. ಎರಡು ಪುಟ ಓದಿ. ಪುಸ್ತಕ ಮುಚ್ಚಿ. ಒಂದು ರಫ್ ಹಾಳೆಯಲ್ಲಿ ನೆನಪಿಗೆ ಬಂದಿದ್ದನ್ನೆಲ್ಲ ಬರೆಯಿರಿ. ಅಕ್ಷರ ದುಂಡಗೆ ಇರಬೇಕಿಲ್ಲ, ವಾಕ್ಯ ಪೂರ್ತಿ ಆಗಬೇಕಿಲ್ಲ. ನೆನಪಾಗದಿದ್ದರೆ ತಕ್ಷಣ ಪುಸ್ತಕ ತೆಗೆಯಬೇಡಿ. ಒಂದೆರಡು ನಿಮಿಷ ಒದ್ದಾಡಿ. ಆ ಒದ್ದಾಟ ವ್ಯರ್ಥ ಅಲ್ಲ, ನೆನಪು ಗಟ್ಟಿಯಾಗುವುದೇ ಅಲ್ಲಿ. ಆಮೇಲೆ ಪುಸ್ತಕ ತೆರೆದು, ಬಿಟ್ಟುಹೋದದ್ದನ್ನು ಕೆಂಪು ಪೆನ್ನಿನಲ್ಲಿ ಸೇರಿಸಿ. ಮುಂದಿನ ಸಲ ಕೆಂಪಿನಲ್ಲಿ ಇರುವುದರಿಂದಲೇ ಶುರು ಮಾಡಿ. ಬರುವುದನ್ನೇ ಮತ್ತೆ ಓದುತ್ತಾ ಕೂರುವುದು ಬಹಳ ಮಕ್ಕಳ ಅಭ್ಯಾಸ. ಅದು ಮನಸ್ಸಿಗೆ ಹಿತ, ಅಷ್ಟೇ.

ಇನ್ನು ಮರೆವಿನ ಮಾತು. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಬೇಗ ಮರೆಯುತ್ತದೆ ಎಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಜೋರು, ಆಮೇಲೆ ನಿಧಾನ. ಅರ್ಥವಾದ ಪಾಠ ಅಷ್ಟು ಬೇಗ ಹೋಗುವುದಿಲ್ಲ ನಿಜ. ಆದರೆ ಜೂನ್‌ನಲ್ಲಿ ಕೇಳಿದ ಪಾಠವನ್ನು ಫೆಬ್ರವರಿಯಲ್ಲಿ ತೆಗೆದರೆ ಹೊಸದಾಗಿ ಕಲಿತ ಹಾಗೇ ಆಗುತ್ತದೆ. ಒಂದೇ ಪಾಠಕ್ಕೆ ಒಂದೇ ದಿನ ಮೂರು ಗಂಟೆ ಕೊಡುವ ಬದಲು, ಆ ಮೂರು ಗಂಟೆಯನ್ನು ಹಂಚಿ. ಪಾಠ ಆದ ರಾತ್ರಿ ಒಂದು ಸಲ, ಎರಡು ದಿನ ಬಿಟ್ಟು, ವಾರ ಬಿಟ್ಟು, ಮತ್ತೆ ತಿಂಗಳು ಬಿಟ್ಟು. ಪ್ರತಿ ಸಲವೂ ಮೊದಲು ಬಿಳಿ ಹಾಳೆ, ಆಮೇಲೆ ಪುಸ್ತಕ.

ನಮ್ಮ ಮಕ್ಕಳು ಇದಕ್ಕೆ ಹಳೆಯ ಮದುವೆ ಪತ್ರಿಕೆಗಳನ್ನು ತರುತ್ತಾರೆ. ಅವನ್ನು ಕತ್ತರಿಸಿ ಚೀಟಿ ಮಾಡುತ್ತೇವೆ. ಅಚ್ಚಿರುವ ಕಡೆ ಬಿಳಿ ಕಾಗದ ಅಂಟಿಸಿ ಪ್ರಶ್ನೆ ಬರೆಯುವುದು, ಹಿಂದೆ ಉತ್ತರ. ಮೂರು ಖಾಲಿ ಸ್ವೀಟ್ ಡಬ್ಬ. ಮೊದಲ ಡಬ್ಬದ ಚೀಟಿ ದಿನಾ ನೋಡಬೇಕು, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿ ಹೇಳಿದರೆ ಚೀಟಿ ಮುಂದಿನ ಡಬ್ಬಕ್ಕೆ, ತಪ್ಪಿದರೆ ಯಾವ ಡಬ್ಬದಲ್ಲಿದ್ದರೂ ಮೊದಲನೆಯದಕ್ಕೆ. ಈ ಪದ್ಧತಿ ಸೆಬಾಸ್ಟಿಯನ್ ಲೈಟ್ನರ್ ಎಂಬವರು 1970ರ ದಶಕದಲ್ಲಿ ಜನಪ್ರಿಯ ಮಾಡಿದ್ದು. ಇಂಗ್ಲಿಷ್ ಪದಗಳಿಗೆ, ಇಸವಿಗಳಿಗೆ, ರಾಸಾಯನಿಕ ಸೂತ್ರಗಳಿಗೆ ಇದಕ್ಕಿಂತ ಸುಲಭದ ದಾರಿ ನಾನು ಕಂಡಿಲ್ಲ.

ಬಾಯಿಪಾಠವನ್ನು ನಾನು ಬಯ್ಯುವುದಿಲ್ಲ. ಮಗ್ಗಿ ಬಾಯಿಗೆ ಬಾರದ ಮಗು ಲೆಕ್ಕದಲ್ಲಿ ದಣಿಯುವುದನ್ನು ದಿನಾ ನೋಡುತ್ತೇನೆ. ನಮ್ಮ ಹಿರಿಯರು ನೆನಪಿಗೆ ಎಂಥ ಉಪಾಯ ಮಾಡಿದ್ದಾರೆ ನೋಡಿ. 'ಯಮಾತಾರಾಜಭಾನಸಲಗಂ' ಅಂತ ಒಂದೇ ಸೂತ್ರ, ಅದರಲ್ಲಿ ಎಂಟೂ ಅಕ್ಷರಗಣ. ಯ ಗಣ ಬೇಕಾದರೆ 'ಯ'ದಿಂದ ಮೂರು ಅಕ್ಷರ ತೆಗೆದುಕೊಳ್ಳಿ: ಯಮಾತಾ. ಒಂದು ಲಘು, ಎರಡು ಗುರು. ಮ ಗಣಕ್ಕೆ ಮಾತಾರಾ, ಮೂರೂ ಗುರು. ಕಾಮನಬಿಲ್ಲಿನ ಬಣ್ಣಕ್ಕೆ ಕೆಂ-ಕಿ-ಹ-ಹ-ನೀ-ಊ-ನೇ. ಕ್ರಮ ಮತ್ತು ಪಟ್ಟಿ ನೆನಪಿಡಲು ಇಂಥವು ಬೇಕೇ ಬೇಕು. ಆದರೆ 'ಏಕೆ' ಎಂಬ ಪ್ರಶ್ನೆಗೆ ಇವು ಉತ್ತರ ಕೊಡುವುದಿಲ್ಲ. ಗೈಡಿನ ಉತ್ತರವನ್ನು ಅರ್ಥವಾಗದೆ ಉರು ಹೊಡೆದ ಮಗು, ನಡುವೆ ಒಂದು ಪದ ಮರೆತರೆ ಅಲ್ಲೇ ನಿಂತುಬಿಡುತ್ತದೆ.

ಗಣಿತದಲ್ಲಿ ತೊಡಕು ಬೇರೆ. ಸಮಾಂತರ ಶ್ರೇಢಿಯ ಅಭ್ಯಾಸದಲ್ಲಿ ಇಪ್ಪತ್ತು ಲೆಕ್ಕವನ್ನು ಒಟ್ಟಿಗೆ ಮಾಡುವಾಗ ಯಾವ ಸೂತ್ರ ಅಂತ ಯೋಚಿಸಬೇಕಾಗಿಯೇ ಇಲ್ಲ. ಪರೀಕ್ಷೆಯಲ್ಲಿ ಲೆಕ್ಕದ ನೆತ್ತಿಯ ಮೇಲೆ ಪಾಠದ ಹೆಸರು ಇರುವುದಿಲ್ಲವಲ್ಲ. ಹಾಗಾಗಿ ಒಂದು ಪಾಠ ಕೈಗೆ ಹತ್ತಿದ ಮೇಲೆ, ಶ್ರೇಢಿಯದೆರಡು, ವರ್ಗ ಸಮೀಕರಣದ್ದೆರಡು, ತ್ರಿಕೋನಮಿತಿಯದೆರಡು ಕಲಸಿ ಮಾಡಿ. ಮೊದಲು ತಪ್ಪು ಜಾಸ್ತಿ ಆಗುತ್ತವೆ. ಆಗಲಿ ಬಿಡಿ.

ನಿದ್ದೆಯ ವಿಚಾರದಲ್ಲಿ ತಂದೆ ತಾಯಿಯರನ್ನು ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಹಗಲು ಕಲಿತದ್ದು ಮಿದುಳಿನಲ್ಲಿ ಗಟ್ಟಿಯಾಗಿ ಕೂರುವ ಕೆಲಸ ನಿದ್ದೆಯಲ್ಲಿ ನಡೆಯುತ್ತದೆ. ಹನ್ನೆರಡರವರೆಗೆ ಓದಿಸಿ ನಾಲ್ಕಕ್ಕೆ ಎಬ್ಬಿಸಬೇಡಿ. ಮೊಬೈಲನ್ನು ಓದುವಾಗ ಬೇರೆ ಕೋಣೆಯಲ್ಲಿಡಿ, ಅಷ್ಟು ಸಾಕು.

ಆ ಹುಡುಗಿಯ ಕಥೆ ಅರ್ಧಕ್ಕೆ ಬಿಟ್ಟೆ. ಅವಳಿಗೆ ಒಂದು ಕೆಲಸ ಕೊಟ್ಟಿದ್ದೆ. "ಇವತ್ತು ಸಂಜೆ ಹೃದಯದ ಪಾಠವನ್ನ ಅಮ್ಮನಿಗೆ ಹೇಳು" ಅಂತ. "ಅಮ್ಮನಿಗೆ ಓದು ಬರಲ್ಲ ಮಿಸ್" ಅಂದಳು. "ಅದಕ್ಕೇ ಹೇಳು. ಪುಸ್ತಕದ ಮಾತು ಅವರಿಗೆ ಅರ್ಥ ಆಗಲ್ಲ, ನೀನೇ ನಿನ್ನ ಮಾತಲ್ಲಿ ಹೇಳಬೇಕು" ಅಂದೆ.

ಮರುದಿನ ಪ್ರಾರ್ಥನೆಗೆ ಮೊದಲೇ ಓಡಿ ಬಂದಳು. ಅಮ್ಮ ಸೊಪ್ಪು ಬಿಡಿಸುತ್ತಾ ಕೂತಿದ್ದರಂತೆ. ದೇಹದಿಂದ ಬಂದ ರಕ್ತ ಬಲ ಹೃತ್ಕರ್ಣಕ್ಕೆ, ಅಲ್ಲಿಂದ ಬಲ ಹೃತ್ಕುಕ್ಷಿಗೆ, ಶ್ವಾಸಕೋಶಕ್ಕೆ ಹೋಗಿ ಎಡಗಡೆಗೆ ವಾಪಸ್ ಅಂತ ಇವಳು ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದು ತೋರಿಸಿದಳಂತೆ. ಎಡ ಹೃತ್ಕುಕ್ಷಿಯ ಗೋಡೆ ದಪ್ಪ ಅಂದಾಗ ಅಮ್ಮ ಕೈಲಿದ್ದ ಸೊಪ್ಪು ಕೆಳಗಿಟ್ಟು, "ಯಾಕೆ ಅದೊಂದೇ ದಪ್ಪ?" ಅಂತ ಕೇಳಿದರಂತೆ. ಇವಳಿಗೆ ಗೊತ್ತಾಗಲಿಲ್ಲ. ಪುಸ್ತಕ ತೆಗೆದು ಹುಡುಕಿ, "ಅದು ರಕ್ತಾನ ಇಡೀ ದೇಹಕ್ಕೆ ತಳ್ಳಬೇಕಮ್ಮ, ಬಲಗಡೇದು ಪಕ್ಕದಲ್ಲೇ ಇರೋ ಶ್ವಾಸಕೋಶಕ್ಕೆ ತಳ್ಳಿದ್ರೆ ಸಾಕು" ಅಂದಳಂತೆ.

"ಅದಕ್ಕೆ ಅಮ್ಮ ಏನಂದ್ರು ಗೊತ್ತಾ ಮಿಸ್? 'ಕೆರೆ ಆಚೆ ತೋಟಕ್ಕೆ ನೀರು ಹಾಯಿಸೋಕೆ ದೊಡ್ಡ ಮೋಟ್ರೇ ಬೇಕಲ್ಲ, ಹಂಗಾ?' ಅಂದ್ರು."