ಬಡಿಯುವ ಹೃದಯಕ್ಕೆ ಜೆಲ್ಲಿಯಂಥ ತೇಪೆ ಯಾಕೆ?

ಪ್ರಶ್ನೆ: ಹೃದಯಾಘಾತದಲ್ಲಿ ಸತ್ತ ಸ್ನಾಯುವಿನ ಜಾಗಕ್ಕೆ ಜೀವಕೋಶ ಬೆರೆಸಿದ ಜೆಲ್ ಹಚ್ಚುವ ಸಂಶೋಧನೆ ನಡೆಯುತ್ತಿದೆಯಂತೆ. ದಿನಕ್ಕೆ ಸುಮಾರು ಲಕ್ಷ ಸಲ ಬಡಿಯುವ ಅಂಗಕ್ಕೆ ಅಷ್ಟು ಮೆತ್ತನೆಯದು ತಾಳುತ್ತದೆಯೇ? ಇನ್ನೂ ಗಟ್ಟಿಯಾದದ್ದನ್ನು ಯಾಕೆ ಬಳಸುವುದಿಲ್ಲ?

ಉತ್ತರ: ಮತ್ತೆ ಅದೇ ಪ್ರಶ್ನೆ! ಕೇಳುವವರು ಬೇರೆ ಬೇರೆ, ‘ಗಟ್ಟಿಯಾದಷ್ಟೂ ಒಳ್ಳೆಯದು’ ಎಂಬ ನಂಬಿಕೆ ಮಾತ್ರ ಒಂದೇ. ಅದನ್ನು ಇವತ್ತು ಬುಡಸಮೇತ ಕೀಳೋಣ.

ಗಟ್ಟಿ ತೇಪೆಯನ್ನು ಹೃದಯ ತಾನೇ ಹಾಕಿಕೊಳ್ಳುತ್ತದೆ. ಆಘಾತವಾದ ಕೆಲವೇ ವಾರಗಳಲ್ಲಿ ಸತ್ತ ಸ್ನಾಯುವಿನ ಜಾಗದಲ್ಲಿ ಕೊಲಾಜೆನ್ ಎಂಬ ಪ್ರೋಟೀನಿನ ನಾರು ದಟ್ಟವಾಗಿ ಕಟ್ಟಿಕೊಂಡು ಗಾಯದ ಕಲೆಯಾಗುತ್ತದೆ. ಆರೋಗ್ಯವಂತ ಸ್ನಾಯುವಿಗಿಂತ ಅದು ಹಲವು ಪಟ್ಟು ಬಿಗಿ. ಗೋಡೆ ಒಡೆಯದಂತೆ ಕಾಯುತ್ತದೆ, ನಿಜ. ಆದರೆ ಅದು ಸಂಕುಚಿಸುವುದಿಲ್ಲ, ವಿದ್ಯುತ್ ಸಂಕೇತವನ್ನು ಸರಿಯಾಗಿ ದಾಟಿಸುವುದೂ ಇಲ್ಲ. ಅದರ ಪಾಲಿನ ಕೆಲಸವೆಲ್ಲ ಅಕ್ಕಪಕ್ಕದ ಸ್ನಾಯುವಿನ ತಲೆಗೆ ಬಂದು, ಹೃದಯ ಹಿಗ್ಗುತ್ತ ಸೋಲುತ್ತದೆ. ಗಟ್ಟಿತನವೇ ಮದ್ದಾಗಿದ್ದರೆ ಆ ಕಲೆಯೇ ಸಾಕಿತ್ತಲ್ಲ!

ಇಲ್ಲಿ ಎರಡು ಗುಣಗಳು ಕಲಸಿಹೋಗಿವೆ. ಹರಿಯದಿರುವುದು ಒಂದು, ಬಾಗದಿರುವುದು ಇನ್ನೊಂದು. ರಬ್ಬರು ಬಾಗುತ್ತದೆ, ಹರಿಯುವುದಿಲ್ಲ. ಗಾಜು ಬಾಗುವುದಿಲ್ಲ, ಒಡೆಯುತ್ತದೆ. ಹೃದಯಕ್ಕೆ ಬೇಕಿರುವುದು ಮೊದಲಿನ ಜಾತಿ. 2002ರಲ್ಲಿ ವಿಜ್ಞಾನಿ ರಾಬರ್ಟ್ ಲ್ಯಾಂಗರ್ ತಂಡ ಪ್ರಕಟಿಸಿದ ಪಾಲಿಗ್ಲಿಸರಾಲ್ ಸೆಬಕೇಟ್ ಎಂಬ ರಬ್ಬರಿನಂಥ ವಸ್ತು ಅಂಥದ್ದು: ಎಳೆದರೆ ಹಿಗ್ಗಿ ಮತ್ತೆ ಮೊದಲಿನಂತಾಗುತ್ತದೆ, ದೇಹದೊಳಗೆ ನಿಧಾನವಾಗಿ ಕರಗುತ್ತದೆ.

ಅದಕ್ಕಿಂತ ದೊಡ್ಡ ಕಾರಣ ಜೀವಕೋಶದ್ದೇ. ತಾನು ಕೂತ ನೆಲ ಎಷ್ಟು ಬಿಗಿ ಎಂದು ಅದು ಎಳೆದು ನೋಡುತ್ತದೆ. 2006ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಆಡಮ್ ಎಂಗ್ಲರ್ ಮತ್ತು ಡೆನಿಸ್ ಡಿಷರ್ ತಂಡ ಮೂಳೆಮಜ್ಜೆಯ ಕಾಂಡಕೋಶಗಳನ್ನು (ಬೇರೆ ಬೇರೆ ಬಗೆಯ ಕೋಶಗಳಾಗಬಲ್ಲಂಥವು) ಬೇರೆ ಬೇರೆ ಬಿಗಿಯ ಜೆಲ್‌ಗಳ ಮೇಲೆ ಬೆಳೆಸಿತು. ಮಿದುಳಿನಷ್ಟು ಮೆತ್ತನೆಯದರ ಮೇಲೆ ಅವು ನರಕೋಶದ ಕಡೆಗೆ ಹೊರಳಿದವು, ಸ್ನಾಯುವಿನಷ್ಟು, ಅಂದರೆ ಸುಮಾರು 8ರಿಂದ 17 ಕಿಲೋಪ್ಯಾಸ್ಕಲ್ (ಬಿಗಿಯನ್ನು ಅಳೆಯುವ ಮಾನ) ಬಿಗಿಯದರ ಮೇಲೆ ಸ್ನಾಯುವಿನ ಕಡೆಗೆ, ಇನ್ನೂ ಬಿಗಿಯಾದದರ ಮೇಲೆ ಮೂಳೆಯ ಕಡೆಗೆ. ಕೋಶ ಅದೇ, ಆಹಾರ ಅದೇ, ಬದಲಾದದ್ದು ನೆಲ ಮಾತ್ರ. 2008ರಲ್ಲಿ ಇದೇ ಗುಂಪು ಭ್ರೂಣದ ಹೃದಯಕೋಶಗಳನ್ನು ಪರೀಕ್ಷಿಸಿದಾಗ, ಹೃದಯದಷ್ಟೇ ಬಿಗಿಯ ಜೆಲ್ ಮೇಲೆ ಅವು ಚೆನ್ನಾಗಿ ಬಡಿದವು. ಕಲೆಯಷ್ಟು ಬಿಗಿಯದರ ಮೇಲೆ ತಿಣುಕಾಡಿ ನಿಂತೇಹೋದವು. ಲ್ಯಾಬಿನ ಮಾಮೂಲಿ ಪ್ಲಾಸ್ಟಿಕ್ ತಟ್ಟೆಯಂತೂ ಹೃದಯಕ್ಕಿಂತ ಲಕ್ಷಾಂತರ ಪಟ್ಟು ಬಿಗಿ. ಈಗ ಹೇಳಿ, ಗಟ್ಟಿ ಬೇಕೇ?

ಮೆತ್ತಗಿದ್ದ ಮಾತ್ರಕ್ಕೆ ಎಲ್ಲವೂ ಮುಗಿಯಿತೆಂದೂ ಅಲ್ಲ. ರಕ್ತನಾಳದಿಂದ 200 ಮೈಕ್ರಾನ್‌ಗಿಂತ (ಮಿಲಿಮೀಟರಿನ ಐದನೇ ಒಂದು ಪಾಲು) ಆಚೆಗಿನ ಕೋಶಕ್ಕೆ ಆಮ್ಲಜನಕ ಸಾಲದು, ಹಾಗಾಗಿ ದಪ್ಪ ತೇಪೆ ಇನ್ನೂ ತಲೆನೋವೇ.

ಯಾರೂ ಕೇಳದಿದ್ದರೂ ಒಂದು ಮಾತು. ಕಾಲಿನ ಸ್ನಾಯು ಹರಿದರೆ ತಾನೇ ಕೂಡಿಕೊಳ್ಳುತ್ತದೆ, ಹೃದಯಕ್ಕೆ ಯಾಕೆ ಆಗದು? ಕಾಲಿನ ಸ್ನಾಯುನಾರುಗಳ ಅಂಚಿನಲ್ಲಿ ರಿಪೇರಿಗೆಂದೇ ಕಾದು ಕೂತ ಕೋಶಗಳಿವೆ. ಅವನ್ನು 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದರು. ಹೃದಯದಲ್ಲಿ ಅಂಥ ಪಡೆಯಿಲ್ಲ. ಅಣುಬಾಂಬ್ ಪರೀಕ್ಷೆಗಳಿಂದ ಗಾಳಿಗೆ ಸೇರಿದ ಕಾರ್ಬನ್-14 (ಇಂಗಾಲದ ವಿಕಿರಣಶೀಲ ರೂಪ) ಹೃದಯಕೋಶಗಳಲ್ಲಿ ಎಷ್ಟಿದೆ ಎಂದು ಅಳೆದು, ಅವುಗಳ ವಯಸ್ಸನ್ನು 2009ರಲ್ಲಿ ಲೆಕ್ಕಹಾಕಿದಾಗ ಸಿಕ್ಕ ಉತ್ತರ: 25ರ ವಯಸ್ಸಿನಲ್ಲಿ ವರ್ಷಕ್ಕೆ ಸುಮಾರು ಶೇ 1ರಷ್ಟು ಹೃದಯಸ್ನಾಯುಕೋಶಗಳು ಹೊಸದಾಗುತ್ತವೆ, 75ರಲ್ಲಿ ಅದರರ್ಧಕ್ಕಿಂತ ಕಡಿಮೆ. ಒಂದು ದೊಡ್ಡ ಆಘಾತಕ್ಕೆ ನೂರು ಕೋಟಿಯಷ್ಟು ಕೋಶಗಳು ಸಾಯಬಹುದು.

ಕಾಲಿಗೂ ಮಿತಿಯಿದೆ. ಅಪಘಾತದಲ್ಲಿ ಸ್ನಾಯುವಿನ ದೊಡ್ಡ ಪಾಲು ಕಿತ್ತುಹೋದರೆ ಅಲ್ಲೂ ಕಲೆಯೇ ಗತಿ, ಅಲ್ಲೂ ಜೈವಿಕ ವಸ್ತುವಿನ ಚೌಕಟ್ಟು ಬೇಕು. ಆದರೆ ಅಲ್ಲಿನ ಕೆಲಸ ತುಸು ಸಲೀಸು: ಬಹುಪಾಲು ನಾರುಗಳು ಒಂದೇ ದಿಕ್ಕಿಗಿರುವುದರಿಂದ ಚೌಕಟ್ಟಿನಲ್ಲಿ ಸಮಾನಾಂತರ ಗೀರುಗಳಿದ್ದರೆ ಕೋಶಗಳು ಅವುಗಳ ಗುಂಟ ಸಾಲುಗಟ್ಟುತ್ತವೆ. ಹೃದಯದ ಗೋಡೆಯಲ್ಲಿ ಒಳಪದರದಿಂದ ಹೊರಪದರಕ್ಕೆ ಬರುವಷ್ಟರಲ್ಲಿ ನಾರುಗಳ ದಿಕ್ಕು ಸುಮಾರು 120 ಡಿಗ್ರಿ ತಿರುಗಿರುತ್ತದೆ. ಗೀರೆಳೆದ ಒಂದೇ ಹಾಳೆಯಿಂದ ಆ ತಿರುವು ಬರುವುದಿಲ್ಲ.