ತುರ್ತು ಔಷಧಗಳು: ಮೊದಲು ಕಲಿಯಬೇಕಾದದ್ದು ಯಾರಿಗೆ ಕೊಡಬಾರದು ಎಂಬುದನ್ನು

ಹೊಸನಗರದ ಒಳಹಳ್ಳಿಯಿಂದ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯವರೆಗಿನ ದಾರಿ ಉದ್ದ. ತುರ್ತಿನಲ್ಲಿ ಮೊದಲು ತಲುಪಿ ನೆರವಾಗುವ ಪ್ರಥಮ ಪ್ರತಿಸ್ಪಂದಕರಾದ ನಮ್ಮ ಕಿಟ್‌ನಲ್ಲಿರುವ ಔಷಧಗಳು ಕೆಲವೇ. ಆ ಕೆಲವನ್ನಾದರೂ ಕಣ್ಣು ಮುಚ್ಚಿ ಹೇಳುವಷ್ಟು ಚೆನ್ನಾಗಿ ತಿಳಿದಿರಬೇಕು. ಯಾವ ತೊಂದರೆಗೆ ಕೊಡಬೇಕು ಎಂಬುದು ಇಂಡಿಕೇಷನ್, ಯಾರಿಗೆ ಕೊಡಬಾರದು ಎಂಬುದು ಕಾಂಟ್ರಾಇಂಡಿಕೇಷನ್. ನನ್ನ ಮಟ್ಟಿಗೆ ಎರಡನೆಯದನ್ನೇ ಮೊದಲು ಓದಬೇಕು. ಅಡ್ಡಪರಿಣಾಮ ಇವೆರಡಕ್ಕಿಂತ ಬೇರೆ. ಸರಿಯಾದ ರೋಗಿಗೆ ಸರಿಯಾದ ಪ್ರಮಾಣದಲ್ಲಿ ಕೊಟ್ಟರೂ ಅದು ಬರಬಹುದು. ಸಾಲ್ಬುಟಮಾಲ್ ಇನ್‌ಹೇಲರ್ ಎಳೆದುಕೊಂಡ ಉಬ್ಬಸದ ರೋಗಿಗೆ ಕೈ ನಡುಗುವುದು ಇದಕ್ಕೆ ಉದಾಹರಣೆ.

ಆಸ್ಪಿರಿನ್‌ನಿಂದ ಆರಂಭಿಸೋಣ. ಹೃದಯಾಘಾತದ ಅನುಮಾನವಿದ್ದರೆ ವಯಸ್ಕರಿಗೆ ಸುಮಾರು 300 ಮಿಲಿಗ್ರಾಂ. ನುಂಗದೆ ಅಗಿಯಬೇಕು, ಆಗ ಬೇಗ ರಕ್ತ ಸೇರುತ್ತದೆ. ರಕ್ತದಲ್ಲಿರುವ ಕಿರುಬಿಲ್ಲೆಗಳು (ಪ್ಲೇಟ್‌ಲೆಟ್‌ಗಳು) ಒಂದಕ್ಕೊಂದು ಅಂಟಿ ಹೆಪ್ಪುಗಟ್ಟುವುದನ್ನು ಅದು ತಡೆಯುತ್ತದೆ. ಇದು ಅರ್ಥವಾದರೆ ಉಳಿದದ್ದನ್ನು ಬಾಯಿಪಾಠ ಮಾಡಬೇಕಿಲ್ಲ: ರಕ್ತಸ್ರಾವ ಆಗುತ್ತಿರುವವರಿಗೆ ಬೇಡ, ಪಾರ್ಶ್ವವಾಯುವಿನ ಲಕ್ಷಣವಿದ್ದವರಿಗೆ ಬೇಡ, ಆಸ್ಪಿರಿನ್ ಅಲರ್ಜಿ ಇರುವವರಿಗಂತೂ ಬೇಡವೇ ಬೇಡ. ಮಲೆನಾಡಿನವರಾದ ನಾವು ಇನ್ನೊಂದನ್ನು ಸೇರಿಸಿಕೊಳ್ಳಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆಯಲ್ಲಿ ರಕ್ತಸ್ರಾವ ಆಗಬಹುದು. ಕಾಡಿಗೆ ಹೋಗಿ ಬಂದವರ ಜ್ವರಕ್ಕೆ, ಮೈಕೈ ನೋವಿಗೆ ಆಸ್ಪಿರಿನ್, ಐಬುಪ್ರೊಫೇನ್ ಸಲ್ಲದು. ಡೆಂಗಿಗೂ ಇದೇ ಮಾತು. ಜ್ವರ ಇಳಿಸಲು ಪ್ಯಾರಾಸಿಟಮಾಲ್ ಇದೆ.

ರೋಗಿಯ ಮನೆಯವರು ಪ್ಲಾಸ್ಟಿಕ್ ಕವರ್ ತಂದು ಮಾತ್ರೆಗಳನ್ನೆಲ್ಲ ಚಾಪೆಯ ಮೇಲೆ ಸುರಿಯುತ್ತಾರೆ. "ಬೆಳಿಗ್ಗೆಯದು ಇದು, ಹಾರ್ಟಿಂದು ಇದು" ಎನ್ನುತ್ತಾರೆ. ಸ್ಟ್ರಿಪ್ ತಿರುಗಿಸಿ ಜನರಿಕ್ ಹೆಸರು, ಅಂದರೆ ಒಳಗಿರುವ ಔಷಧದ ಹೆಸರು, ಹುಡುಕಿ. ಇಕೋಸ್ಪ್ರಿನ್ ಆಗಲಿ ಡಿಸ್ಪ್ರಿನ್ ಆಗಲಿ, ಒಳಗಿರುವುದು ಆಸ್ಪಿರಿನ್ನೇ. ರೋಗಿ ಆಗಲೇ ಎಷ್ಟು ತೆಗೆದುಕೊಂಡಿದ್ದಾರೆ ಎಂದು ಕೇಳದೆ ಇನ್ನೊಂದು ಕೊಡಬೇಡಿ.

ಹೃದಯದ ತೊಂದರೆಯಿಂದ ಬರುವ ಎದೆನೋವಿಗೆ ಸಾರ್ಬಿಟ್ರೇಟ್ ಮಾತ್ರೆಯನ್ನು ನಾಲಿಗೆಯ ಕೆಳಗೆ ಇಡಿಸುತ್ತೇವೆ. ಅದು ರಕ್ತನಾಳಗಳನ್ನು ಹಿಗ್ಗಿಸಿ ಬಿಪಿ ಇಳಿಸುತ್ತದೆ. ಆದ್ದರಿಂದ ಮೊದಲು ಬಿಪಿ ನೋಡಿ. ಮೇಲಿನ ಅಂಕಿ 100ಕ್ಕಿಂತ ಕಡಿಮೆ ಇದ್ದರೆ ಕೊಡಬೇಡಿ. ಗಂಡಸರ ಲೈಂಗಿಕ ದೌರ್ಬಲ್ಯದ ಮಾತ್ರೆಗಳಾದ ಸಿಲ್ಡೆನಾಫಿಲ್ ತೆಗೆದುಕೊಂಡು 24 ಗಂಟೆ, ಟಡಾಲಾಫಿಲ್ ಆದರೆ 48 ಗಂಟೆ ಕಳೆದಿಲ್ಲದಿದ್ದರೂ ಕೊಡುವಂತಿಲ್ಲ. ಮನೆಯವರೆಲ್ಲ ಸುತ್ತ ನಿಂತಿರುವಾಗ ಈ ಪ್ರಶ್ನೆಗೆ ಯಾರೂ ನಿಜ ಹೇಳುವುದಿಲ್ಲ. ಅವರನ್ನು ಹೊರಗೆ ಕಳಿಸಿ, ಮೆಲ್ಲಗೆ ಕೇಳಿ.

ಸಕ್ಕರೆ ಅಂಶ ಇಳಿದವರಿಗೆ ಬಾಯಿಯ ಮೂಲಕ ಗ್ಲೂಕೋಸ್, ಎಚ್ಚರವಿದ್ದು ನುಂಗಬಲ್ಲವರಿಗೆ ಮಾತ್ರ. ಆಮ್ಲಜನಕವೂ ಔಷಧವೇ: ರಕ್ತದ ಆಮ್ಲಜನಕ ಮಟ್ಟ ಸಾಮಾನ್ಯವಾಗಿ ಶೇ. 94ರಿಂದ 98ರ ಗುರಿ, ಸಿಒಪಿಡಿ (ಉಸಿರಾಟಕ್ಕೆ ಅಡ್ಡಿಯಾಗುವ ದೀರ್ಘಕಾಲದ ಶ್ವಾಸಕೋಶ ಕಾಯಿಲೆ) ಇರುವವರಿಗೆ ಶೇ. 88ರಿಂದ 92.

ಇನ್ನು ಅಡ್ರಿನಲಿನ್. ಅಡಿಕೆ ತೋಟದಲ್ಲಿ ಹೆಜ್ಜೇನು ಕಡಿದು ಮೈಯೆಲ್ಲ ದದ್ದು ಎದ್ದು, ಉಸಿರು ಕಟ್ಟಿ, ಬಿಪಿ ಕುಸಿಯುತ್ತಿದ್ದರೆ ಅದು ಅನಾಫಿಲಾಕ್ಸಿಸ್, ಅಂದರೆ ಜೀವಕ್ಕೇ ಅಪಾಯ ತರುವ ತೀವ್ರ ಅಲರ್ಜಿ. ತರಬೇತಿ ಮತ್ತು ಅನುಮತಿ ಇದ್ದವರು ತೊಡೆಯ ಹೊರಭಾಗದ ಸ್ನಾಯುವಿಗೆ ವಯಸ್ಕರಿಗೆ 0.5 ಮಿಲಿಗ್ರಾಂ ಕೊಡಬೇಕು. ಒಂದು ಮಿಲಿಲೀಟರ್‌ಗೆ ಒಂದು ಮಿಲಿಗ್ರಾಂ ಇರುವ ಆಂಪ್ಯೂಲ್‌ನಲ್ಲಿ ಅದು ಅರ್ಧ ಮಿಲಿಲೀಟರ್. ಸುಧಾರಿಸದಿದ್ದರೆ ಐದು ನಿಮಿಷದ ಬಳಿಕ ಮತ್ತೊಮ್ಮೆ. ಅದೇ ದ್ರಾವಣ ರಕ್ತನಾಳಕ್ಕೆ ಹೋದರೆ ಅಪಾಯ. ಯಾರಿಗೆ ಕೊಡಬಾರದು ಎಂಬುದನ್ನೇ ಮೊದಲು ನೋಡುವ ನನ್ನ ಕ್ರಮ ಇಲ್ಲಿ ಮಾತ್ರ ಅನ್ವಯಿಸುವುದಿಲ್ಲ: ಅನಾಫಿಲಾಕ್ಸಿಸ್‌ನಲ್ಲಿ ಅಡ್ರಿನಲಿನ್ ಕೊಡಲೇಬಾರದು ಎನ್ನುವ ರೋಗಿಯೇ ಇಲ್ಲ. ವಯಸ್ಸಾದವರು, ಹೃದ್ರೋಗಿ ಎಂದು ಹಿಂಜರಿದು ತಡಮಾಡಿದರೆ ಜೀವ ಹೋಗುತ್ತದೆ.