ಸಾವಿರ ಲೀಟರ್‌ಗೆ ಎಷ್ಟು ಯೂನಿಟ್?

ಸಾವಿರ ಲೀಟರ್ ನೀರನ್ನು ಒಂದು ಮೀಟರ್ ಮೇಲೆತ್ತಲು ಬೇಕಾಗುವುದು 0.0027 ಯೂನಿಟ್ ವಿದ್ಯುತ್. 60 ಮೀಟರ್ ಎತ್ತಲು 0.16 ಯೂನಿಟ್ ಸಾಕು. ಪಂಪು ಮಾತ್ರ ಇದರ ಎರಡು ಮೂರು ಪಟ್ಟು ಎಳೆಯುತ್ತದೆ. ನೀರು ಮತ್ತು ವಿದ್ಯುತ್ತನ್ನು ಒಟ್ಟಿಗೆ ಉಳಿಸಬೇಕಾದರೆ ಮೊದಲು ಹಿಡಿಯಬೇಕಾದ್ದು ಈ ವ್ಯತ್ಯಾಸವನ್ನು.

ಅಳೆಯುವುದು ಸುಲಭ. ಪಂಪು ಓಡಿಸಿ, ಬಾವಿಯ ನೀರಿನ ಮಟ್ಟ ಇಳಿದು ಒಂದು ಕಡೆ ನಿಲ್ಲುವವರೆಗೆ ಕಾಯಿರಿ. ಎತ್ತರದ ಲೆಕ್ಕ ಈ ಮಟ್ಟದಿಂದಲೇ ಶುರು. ಪಂಪು ನಿಂತಾಗಿನ ಮಟ್ಟ ಹಿಡಿದರೆ ಲೆಕ್ಕ ತಪ್ಪುತ್ತದೆ. 200 ಲೀಟರ್ ಡ್ರಮ್ಮು 60 ಸೆಕೆಂಡಿನಲ್ಲಿ ತುಂಬಿತು, ವಿದ್ಯುತ್ ಮೀಟರ್ ಗಂಟೆಗೆ 4.5 ಯೂನಿಟ್ ಓಡಿತು ಎನ್ನಿ. ಅಲ್ಲಿಗೆ ಸಾವಿರ ಲೀಟರ್‌ಗೆ 0.375 ಯೂನಿಟ್ ಆಯಿತು. ಎತ್ತರ 60 ಮೀಟರ್ ಇದ್ದರೆ ದಕ್ಷತೆ, ಅಂದರೆ ಎಳೆದ ವಿದ್ಯುತ್ತಿನಲ್ಲಿ ನೀರೆತ್ತಲು ನಿಜಕ್ಕೂ ಬಳಕೆಯಾದ ಪಾಲು, ಸುಮಾರು ಶೇ 44. ಇದು ಶೇ 30ಕ್ಕೆ ಇಳಿದಿದ್ದರೆ ಮರಳಿಗೆ ಸವೆದ ಇಂಪೆಲ್ಲರ್ (ಪಂಪಿನೊಳಗೆ ತಿರುಗಿ ನೀರನ್ನು ತಳ್ಳುವ ಚಕ್ರ), ಎತ್ತರಕ್ಕೆ ಹೊಂದದ ಪಂಪು ಅಥವಾ ಸಣ್ಣ ಪೈಪಿನ ಮೇಲೆ ಅನುಮಾನ ಪಡಬೇಕು. ಹರಿವು ಅಷ್ಟೇ ಇದ್ದು ಪೈಪಿನ ವ್ಯಾಸ ಅರ್ಧವಾದರೆ ಘರ್ಷಣೆಯ ನಷ್ಟ ಸುಮಾರು 30 ಪಟ್ಟಾಗುತ್ತದೆ! ಪೈಪಿನಲ್ಲಿ ಉಳಿಸಿದ ದುಡ್ಡು ಬಿಲ್ಲಿನಲ್ಲಿ ಹೋಗುವುದು ಹೀಗೆ. ನೀರು ಹೆಚ್ಚಾಯಿತೆಂದು ವಾಲ್ವ್ ಅರ್ಧ ಮುಚ್ಚುವುದೂ ಬ್ರೇಕ್ ಒತ್ತಿಕೊಂಡೇ ಗಾಡಿ ಓಡಿಸಿದಂತೆ.

ಹನಿ ನೀರಾವರಿಗೆ ಸುಮಾರು 1 ಬಾರ್ ಒತ್ತಡ (ನೀರನ್ನು ಸುಮಾರು 10 ಮೀಟರ್ ಎತ್ತುವಷ್ಟು) ಸಾಕು, ಸ್ಪ್ರಿಂಕ್ಲರ್‌ಗೆ 2ರಿಂದ 3 ಬೇಕು. ಆದರೆ ಫಿಲ್ಟರ್ ಕಟ್ಟಿಕೊಂಡರೆ ಈ ಲಾಭ ಅಲ್ಲೇ ಕರಗುತ್ತದೆ. ಫಿಲ್ಟರಿನ ಹಿಂದೆ ಮುಂದೆ ಒಂದೊಂದು ಪ್ರೆಷರ್ ಗೇಜ್ ಇಟ್ಟು, ವ್ಯತ್ಯಾಸ ಅರ್ಧ ಬಾರ್ ತಲುಪುವ ಮೊದಲೇ ತೊಳೆಯಬೇಕು. ಸೌರ ಪಂಪಿನದು ಬೇರೆಯೇ ತಲೆನೋವು: ಬಿಲ್ಲು ಬರುವುದಿಲ್ಲ, ಹಾಗಾಗಿ ಪಂಪು ನಿಲ್ಲಿಸುವವರೂ ಇಲ್ಲ, ಅಂತರ್ಜಲ ಇಳಿಯುತ್ತಲೇ ಹೋಗುತ್ತದೆ. ನೀರಿನ ಮೀಟರ್ ಇಲ್ಲದೆ ಅದನ್ನು ಕೂರಿಸಲೇಬಾರದು ಎನ್ನುವುದು ನಮ್ಮ ಅಭಿಪ್ರಾಯ.

ನಗರದಲ್ಲಿ ಸೋರಿಕೆ ಹೆಚ್ಚುವುದು ರಾತ್ರಿ. ನಲ್ಲಿಗಳು ಮುಚ್ಚಿರುತ್ತವೆ, ಪೈಪಿನಲ್ಲಿ ಒತ್ತಡ ಏರುತ್ತದೆ, ಬಿರುಕಿನಿಂದ ಹೊರಬೀಳುವ ನೀರೂ ಏರುತ್ತದೆ. ಅದನ್ನು ಶುದ್ಧೀಕರಿಸಿ ಎತ್ತಿದ ವಿದ್ಯುತ್ತೂ ಮಣ್ಣುಪಾಲು. ರಾತ್ರಿ ಒತ್ತಡ ತಗ್ಗಿಸುವ ವಾಲ್ವ್ ಎರಡನ್ನೂ ಒಟ್ಟಿಗೆ ಉಳಿಸುತ್ತದೆ.

ಮನೆಯೊಳಗೆ ಲೆಕ್ಕವೇ ತಲೆಕೆಳಗು. ಸಾವಿರ ಲೀಟರ್ ನೀರನ್ನು 20 ಡಿಗ್ರಿ ಬಿಸಿ ಮಾಡಲು ಸುಮಾರು 23 ಯೂನಿಟ್ ಬೇಕು, ಅಂದರೆ ಮೇಲಿನ ಪಂಪಿನ ಖರ್ಚಿನ 60 ಪಟ್ಟು. ನಿಮಿಷಕ್ಕೆ 12 ಲೀಟರ್ ಸುರಿಸುವ ಶವರ್ ಬದಲು 7 ಲೀಟರಿನದು ಹಾಕಿದರೆ ಐದು ನಿಮಿಷದ ಸ್ನಾನಕ್ಕೆ 25 ಲೀಟರ್ ನೀರು, ಅದರ ಜೊತೆಗೆ ಅರ್ಧ ಯೂನಿಟ್‌ಗೂ ಹೆಚ್ಚು ವಿದ್ಯುತ್ ಉಳಿಯುತ್ತದೆ.